ಪೀಪಾಯಿಯ ಬಿರಡೆ

ಪತ್ರ: ಇಂಗ್ಲೆಂಡಿನ ಮಾಮ್ಸ್‌ಬರಿ ಊರಿನ ಕ್ರೈಸ್ತ ಮಠದ ಬಗೆಗಿನ ಲೇಖನದಲ್ಲಿ ವಿಲಿಯಂ ಸ್ಟಂಪ್ ಎಂಬ ಬಟ್ಟೆ ವ್ಯಾಪಾರಿಯನ್ನು ಲೂಟಿಕೋರ ಎಂದಿದ್ದೀರಿ. ಆತ ಮಗ್ಗ ಹಾಕಿಸಿ ಜನರಿಗೆ ಕೆಲಸ ಕೊಟ್ಟ, ಚರ್ಚು ಉಳಿಸಿದ. ಇದು ನ್ಯಾಯವೇ? ಅಂದ ಹಾಗೆ, ನಮ್ಮ ಅಟ್ಟದಲ್ಲಿ ತಾತನ ಕೈಬರಹದ ಕಟ್ಟುಗಳಿವೆ. ಏನು ಮಾಡಲಿ?
– ನಿವೃತ್ತ ಮೇಷ್ಟ್ರು, ಸಾಗರ

ಮೇಷ್ಟ್ರೇ, ಲೂಟಿಕೋರ ಅಂದದ್ದು ಜಾಸ್ತಿ ಆಯಿತು, ಒಪ್ಪಿದೆ. 1539ರ ಡಿಸೆಂಬರಿನಲ್ಲಿ ದೊರೆ ಎಂಟನೇ ಹೆನ್ರಿ ಮಠ ಮುಚ್ಚಿಸಿದ. ಸ್ಟಂಪ್ ಅದನ್ನು ದುಡ್ಡು ಕೊಟ್ಟೇ ಕೊಂಡ. ಚರ್ಚಿನ ದೊಡ್ಡ ಹಜಾರವನ್ನು 1541ರಲ್ಲಿ ಊರಿನವರ ಪ್ರಾರ್ಥನೆಗೆ ಬಿಟ್ಟುಕೊಟ್ಟ. ಆಮೇಲೆ ಅಲ್ಲಿಗೆ ಹೋದ ಜಾನ್ ಲೆಲೆಂಡ್ ಎಂಬ ಇತಿಹಾಸಕಾರ, ಮಠದ ಕಟ್ಟಡಗಳ ಮೂಲೆಮೂಲೆಯಲ್ಲೂ ಮಗ್ಗ ಕಂಡನಂತೆ. ಊರಲ್ಲಿ ವರ್ಷಕ್ಕೆ 3000 ಥಾನು ಬಟ್ಟೆ ಆಗುತ್ತಿತ್ತೆಂದೂ ಬರೆದಿದ್ದಾನೆ. ಅಷ್ಟು ಪುಣ್ಯ ಸ್ಟಂಪನ ಖಾತೆಯಲ್ಲಿರಲಿ.

ಪುಸ್ತಕಗಳ ಕತೆ ಏನು? ಆ ಮಠ ಏಳನೇ ಶತಮಾನದಿಂದ ಓದು ಬರಹ ನಡೆದ ಜಾಗ. ಹನ್ನೆರಡನೇ ಶತಮಾನದಲ್ಲಿ ವಿಲಿಯಂ ಎಂಬ ಸನ್ಯಾಸಿ ಅಲ್ಲೇ ಕೂತು ಇಂಗ್ಲೆಂಡಿನ ರಾಜರ ಚರಿತ್ರೆ ಬರೆದ. ಪುಸ್ತಕ ಕೂಡಿಸುವ ಹುಚ್ಚು ಅವನಿಗೆ.

1626ರಲ್ಲಿ ಅದೇ ಸೀಮೆಯಲ್ಲಿ ಹುಟ್ಟಿದ ಜಾನ್ ಆಬ್ರಿ ಎಂಬ ಬರಹಗಾರ ತಾನು ಹುಡುಗನಾಗಿದ್ದಾಗ ಕಂಡದ್ದನ್ನು ಬರೆದಿಟ್ಟಿದ್ದಾನೆ. ಸ್ಟಂಪನ ಮರಿಮಗ ಒಬ್ಬ ಪಾದ್ರಿ. ಮಠದ ಹಸ್ತಪ್ರತಿಗಳು ಅವನ ಮನೆ ಸೇರಿದ್ದವು. ವಿಶೇಷದ ಬಿಯರು ಮಾಡಿದಾಗ ಈತ ಹಸ್ತಪ್ರತಿಯ ಒಂದು ಹಾಳೆ ತೆಗೆದು ಪೀಪಾಯಿಯ ತೂತಿಗೆ ತುರುಕುತ್ತಿದ್ದ. ಮೇಲೆ ಜೇಡಿಮಣ್ಣು ಮೆತ್ತುತ್ತಿದ್ದ. ಇದರಷ್ಟು ಚೆನ್ನಾಗಿ ಬೇರೇನೂ ಕೂರೋದಿಲ್ಲ ಅಂತ ಹೊಗಳಿಕೆ ಬೇರೆ! ಚರ್ಮದ ಹಾಳೆ ಅಲ್ವಾ, ಕೂರದೆ ಏನು. ಹುಡುಗರ ಪುಸ್ತಕಕ್ಕೆ ಹೊದಿಕೆಯೂ ಅದೇ, ಅಂಗಡಿಯಲ್ಲಿ ಕೈಗವಸು ಸುತ್ತಲೂ ಅದೇ. ಆಬ್ರಿಯ ಅಜ್ಜನ ಕಾಲದಲ್ಲಂತೂ ಚಿಟ್ಟೆಗಳ ಹಾಗೆ ಹಾರಾಡುತ್ತಿದ್ದವಂತೆ.

1647ರ ಸುಮಾರಿಗೆ ಆಬ್ರಿ ಆ ಪಾದ್ರಿಯನ್ನು ಹುಡುಕಿಕೊಂಡು ಮತ್ತೆ ಹೋದ. ಹಾಳೆಗಳೆಲ್ಲ ಚೆಲ್ಲಾಪಿಲ್ಲಿ. ಪಾದ್ರಿಯ ಮಕ್ಕಳು ಸಿಪಾಯಿಗಳಾಗಿದ್ದರು, ಆ ಹಾಳೆಗಳಿಂದಲೇ ಬಂದೂಕು ಉಜ್ಜಿ ಮುಗಿಸಿದ್ದರು.

ನಾನೇನು ಸಾಚಾ ಅಲ್ಲ. ಹಳೆ ಮನೆ ಖಾಲಿ ಮಾಡುವಾಗ ಅಜ್ಜನ ಲೆಕ್ಕದ ಪುಸ್ತಕಗಳನ್ನು ರದ್ದಿಗೆ ಹಾಕಿದವನು ನಾನೇ. ತಕ್ಕಡಿಯ ಮುಳ್ಳು ಸರಿ ಇದೆಯಾ ಅಂತ ಬಗ್ಗಿ ನೋಡುತ್ತಿದ್ದೆ. ಪುಟ ತಿರುವಿ ನೋಡಲಿಲ್ಲ.

ಕಲ್ಲಿಗಾದರೆ ಎಲ್ಲರೂ ದುಡ್ಡು ಬಿಚ್ಚುತ್ತಾರೆ. ಬಾಗಿಲ ಮೇಲೆ ದಾನಿಯ ಹೆಸರು ಕೆತ್ತಿಸಬಹುದಲ್ಲ! ಹಳೆ ಕಾಗದ ಇಡೋಕೆ ಒಂದು ಬೀರು ಕೇಳಿ ನೋಡಿ. ಸುಮ್ನೆ ಸ್ಕ್ಯಾನ್ ಮಾಡಿ ಬಿಸಾಕಿ ಅನ್ನುತ್ತಾರೆ. ಇಷ್ಟು ವರ್ಷ ಪಾಠ ಹೇಳಿದ ನೀವೂ ಚರ್ಚು ಉಳಿಯಿತು, ಮಗ್ಗ ಓಡಿತು ಅಂತ ಲೆಕ್ಕ ಹಾಕಿ ಪತ್ರ ಮುಗಿಸಿದ್ದೀರಲ್ಲ, ಅದೇ ಬೇಸರ.

ತಾತನ ಕಟ್ಟುಗಳನ್ನು ಬಿಸಿಲಿಗೆ ಹಾಕಬೇಡಿ. ಹತ್ತಿ ಬಟ್ಟೆಯಲ್ಲಿ ಸುತ್ತಿ, ಒಣಗಿದ ಬೇವಿನೆಲೆ ಹಾಕಿಡಿ. ಮುಂದಿನ ತಿಂಗಳು ಸಾಗರದ ಕಡೆ ಬರುವುದಿದೆ. ಅಟ್ಟ ಹತ್ತೋಕೆ ಏಣಿ ಇದೆ ತಾನೆ?