ಮನೆ ಕೆಲಸಕ್ಕೆ ದುಡ್ಡು ಕೊಟ್ಟು ಮೈಕ್ರೋಸಾಫ್ಟ್ ಆಫೀಸ್ ತಗೋಬೇಕಾ?

ತಿಂಗಳ ಲೆಕ್ಕ, ಆಗೊಂದು ಈಗೊಂದು ಪತ್ರ, ಮಗಳ ಪ್ರಾಜೆಕ್ಟ್. ಇಷ್ಟಕ್ಕೆ ಪ್ರತಿ ವರ್ಷ ದುಡ್ಡು ಕಟ್ಟಿ ಮೈಕ್ರೋಸಾಫ್ಟ್ 365 (ವರ್ಡ್, ಎಕ್ಸೆಲ್ ಎಲ್ಲ ಇರುವ ಪ್ಯಾಕೇಜ್) ತಗೋಬೇಕಾ, ಲಿಬ್ರೆಆಫೀಸ್ ಸಾಕಾ ಅಂತ ಕೇಳಿದ್ದೀರಿ. ಸಾಕು. ಸುಮ್ನೆ ದುಡ್ಡು ಹಾಕಬೇಡಿ.

ಲಿಬ್ರೆಆಫೀಸ್ ಕೂಡ ಪತ್ರ ಬರೆಯಲು, ಲೆಕ್ಕ ಇಡಲು ಬಳಸುವ ತಂತ್ರಾಂಶವೇ, ಆದರೆ ಉಚಿತ. 2010ರಲ್ಲಿ ಓಪನ್‌ಆಫೀಸ್ ಎಂಬ ಇನ್ನೊಂದು ಉಚಿತ ತಂತ್ರಾಂಶದಿಂದ ಕವಲೊಡೆದು ಬಂದದ್ದು. ಲೆಕ್ಕದ ಹಾಳೆಗಳಿಗಾಗಿ ಅದರಲ್ಲಿರುವ ಕ್ಯಾಲ್ಕ್‌ನಲ್ಲೂ ಎಕ್ಸೆಲ್‌ನಷ್ಟೇ ಸಾಲುಗಳಿವೆ, 10,48,576. ನನ್ನ ಮನೆ ಲೆಕ್ಕ ಇನ್ನೂರು ದಾಟಿಲ್ಲ!

ತಲೆನೋವು ಶುರುವಾಗುವುದು ಫೈಲನ್ನು ಬೇರೆಯವರಿಗೆ ಕಳಿಸುವಾಗ. ಒಂದು ಸಲ ನನ್ನ ಒಂದೇ ಪುಟದ ಬಯೋಡೇಟಾ ಅದನ್ನು ಪಡೆದವರ ಕಂಪ್ಯೂಟರಿನಲ್ಲಿ ಎರಡು ಪುಟವಾಗಿ ತೆರೆದುಕೊಂಡಿತ್ತು. ಎರಡನೇ ಪುಟದಲ್ಲಿ ಇದ್ದದ್ದು ನನ್ನ ಸಹಿ ಮಾತ್ರ. ಕಾರಣ ಫಾಂಟ್, ಅಂದರೆ ಅಕ್ಷರಗಳ ವಿನ್ಯಾಸ. ನೀವು ಬಳಸಿದ ಫಾಂಟ್ ಅಲ್ಲಿ ಇಲ್ಲದಿದ್ದರೆ ಬೇರೊಂದು ಬಂದು ಕೂರುತ್ತದೆ. ಅಕ್ಷರಗಳ ಅಗಲ ಬದಲಾಗಿ ಸಾಲುಗಳು ಜಾರುತ್ತವೆ. ಕ್ಯಾಲಿಬ್ರಿ ಫಾಂಟ್ ಇಲ್ಲದ ಕಡೆ ಕಾರ್ಲಿಟೋ ಫಾಂಟ್ ಬಂದು ಕೂತರೆ ಈ ಕಾಟ ಕಡಿಮೆ, ಎರಡರ ಅಳತೆಯೂ ಒಂದೇ. ಬರೀ ಓದಲು ಕಳಿಸುವುದಾದರೆ ಪಿಡಿಎಫ್ ಮಾಡಿಬಿಡಿ. ಅವರು ತಿದ್ದಬೇಕಿದ್ದರೆ ಸೇವ್ ಮಾಡುವಾಗ ವರ್ಡ್‌ನ ಫೈಲ್ ಬಗೆಯಾದ ಡಾಕ್‌ಎಕ್ಸ್ (.docx) ಆರಿಸಿ. ಹಾಗೇ ಬಿಟ್ಟರೆ ಅದು ಲಿಬ್ರೆಆಫೀಸ್‌ನ ಸ್ವಂತ ಬಗೆಯಾದ ಒಡಿಟಿ (.odt) ಆಗಿ ಉಳಿಯುತ್ತದೆ.

ಆದರೆ ನಿಮ್ಮ ಕಚೇರಿಯ, ಮ್ಯಾಕ್ರೋ (ಕೆಲಸಗಳನ್ನು ತಾನಾಗೇ ಮಾಡಿಸುವ ಪುಟ್ಟ ಪ್ರೋಗ್ರಾಂ) ತುಂಬಿದ ಎಕ್ಸೆಲ್ ಫೈಲುಗಳನ್ನು ಮನೆಯಲ್ಲೂ ತೆರೆಯಬೇಕಾ? ಹಾಗಿದ್ದರೆ ಮಾತು ಬೇರೆ. ಲಿಬ್ರೆಆಫೀಸ್‌ನಲ್ಲಿ ಆ ಮ್ಯಾಕ್ರೋಗಳು ಎಷ್ಟೋ ಸಲ ಅರ್ಧಕ್ಕೇ ನಿಲ್ಲುತ್ತವೆ. ಆಗ ದುಡ್ಡು ಕೊಡುವುದೇ ವಾಸಿ. ನಿಮ್ಮ ಹತ್ತಿರ ಅಂಥ ಫೈಲ್ ಇದ್ದರೆ ಮೊದಲು ಅದನ್ನೇ ಲಿಬ್ರೆಆಫೀಸ್‌ನಲ್ಲಿ ತೆರೆದು ನೋಡಿ.