ನೂರು ಬಾಯಿಗೆ ಬಂತು, ನಾಲ್ಕು ಕೈಗೆ ಬರಲಿಲ್ಲ

“ಮೂರೂವರೆ ವರ್ಷದ ಮಗಳು ಒಂದರಿಂದ ನೂರರವರೆಗೆ ತಪ್ಪಿಲ್ಲದೆ ಹೇಳುತ್ತಾಳೆ. ನಾಲ್ಕು ಚಮಚ ತಾ ಎಂದರೆ ಮಾತ್ರ ಸಿಕ್ಕಷ್ಟನ್ನು ಬಾಚಿಕೊಂಡು ಬರುತ್ತಾಳೆ. ಇನ್ನಷ್ಟು ಬಾಯಿಪಾಠ ಮಾಡಿಸಬೇಕೆ?” ಎಂದು ಓದುಗರೊಬ್ಬರು ಕೇಳಿದ್ದಾರೆ.

ಸಂಪಾದಕರ ಉತ್ತರ: ಬೇಡ ತಾಯಿ. ಚಮಚ ತರಿಸಿ ನೋಡಬೇಕೆಂದು ನಿಮಗೆ ಹೊಳೆಯಿತಲ್ಲ, ಅದೇ ದೊಡ್ಡದು. ಹೆಚ್ಚಿನವರು ನೂರು ಕೇಳಿ ಚಪ್ಪಾಳೆ ತಟ್ಟಿ ಸುಮ್ಮನಾಗುತ್ತಾರೆ.

ಸಂಖ್ಯೆಗಳ ಹೆಸರು ಕ್ರಮವಾಗಿ ನಾಲಿಗೆಗೆ ಬರಬೇಕು, ಒಪ್ಪಿದೆ. ಆದರೆ ಹೇಳುವುದು ಬೇರೆ, ಎಣಿಸುವುದು ಬೇರೆ. ಮನಶ್ಶಾಸ್ತ್ರಜ್ಞರಾದ ರೋಚೆಲ್ ಗೆಲ್ಮನ್ ಮತ್ತು ಗ್ಯಾಲಿಸ್ಟೆಲ್ 1978ರಲ್ಲಿ ಎಣಿಕೆಗೆ ಐದು ತತ್ವಗಳನ್ನು ಗುರುತಿಸಿದರು. ಹೆಸರುಗಳ ಕ್ರಮ ಅದರಲ್ಲಿ ಒಂದು ಮಾತ್ರ. ಒಂದು ವಸ್ತುವಿಗೆ ಒಂದೇ ಹೆಸರು, ಎಲ್ಲಿಂದ ಶುರು ಮಾಡಿದರೂ ಮೊತ್ತ ಅಷ್ಟೇ, ಕೊನೆಗೆ ಹೇಳಿದ ಹೆಸರೇ ಒಟ್ಟು ಲೆಕ್ಕ: ಇವೆಲ್ಲ ಮಗುವಿಗೆ ದಕ್ಕಬೇಕು.

ಈ ಕೊನೆಯದೇ ಕಷ್ಟ. ನನ್ನ ಮೊಮ್ಮಗಳ ಮುಂದೆ ಆರು ಗುಂಡಿ ಸಾಲಾಗಿಟ್ಟಿದ್ದೆ. ಒಂದೊಂದನ್ನೂ ಮುಟ್ಟಿ ಆರರವರೆಗೆ ಎಣಿಸಿದಳು. “ಹಾಗಾದರೆ ಎಷ್ಟು ಗುಂಡಿ, ಪುಟ್ಟಿ?” ಎಂದೆ. ಉತ್ತರ ಹೇಳದೆ ಮತ್ತೆ ಮೊದಲ ಗುಂಡಿಗೆ ಬೆರಳಿಟ್ಟಳು. ಮೂರು ಸಲ ಕೇಳಿದೆ, ಮೂರು ಸಲವೂ ಒಂದರಿಂದಲೇ. ‘ಎಷ್ಟು’ ಎಂದರೆ ‘ಎಣಿಸು’ ಎಂದೇ ಅವಳಿಗೆ ಅರ್ಥವಾಗಿತ್ತು. ಹತ್ತರವರೆಗೆ ಹೇಳಬಲ್ಲ ಮಕ್ಕಳು ಮೂರು ಕೊಡು ಎಂದಾಗ ಒಂದು ಹಿಡಿ ಕೊಡುವುದನ್ನು ಮನಶ್ಶಾಸ್ತ್ರಜ್ಞೆ ಕರೆನ್ ವಿನ್ 1990ರ ಹೊತ್ತಿಗೇ ತೋರಿಸಿದ್ದರು. ಮಕ್ಕಳು ಮೊದಲು ‘ಒಂದ’ನ್ನು ಅರಿಯುತ್ತಾರೆ, ತಿಂಗಳುಗಳು ಕಳೆದ ಮೇಲೆ ‘ಎರಡ’ನ್ನು, ಆಮೇಲೆ ‘ಮೂರ’ನ್ನು. ನಿಮ್ಮ ಮಗಳು ಆ ದಾರಿಯಲ್ಲೇ ಇದ್ದಾಳೆ.

ನನ್ನ ಸಿಟ್ಟೆಲ್ಲ ದೊಡ್ಡವರ ಮೇಲೆ. ನೆಂಟರು ಬಂದ ಕೂಡಲೇ ಮಗುವನ್ನು ನಿಲ್ಲಿಸಿ ನೂರು ಹೇಳಿಸುತ್ತೇವೆ. ಪೆನ್ಸಿಲ್ ಹಿಡಿಯಲು ಬೆರಳು ಗಟ್ಟಿಯಾಗುವ ಮೊದಲೇ ಪುಟಗಟ್ಟಲೆ ಅಂಕಿ ಬರೆಸುತ್ತೇವೆ. ಬೆರಳು ಮಡಚಿ ಎಣಿಸಿದರೆ ಗದರಿಸುತ್ತೇವೆ. ಸದಾ ಜೊತೆಗಿರುವ ಹತ್ತು ಬೆರಳಿಗಿಂತ ಒಳ್ಳೆಯ ಪಾಠೋಪಕರಣ ಯಾವುದಿದೆ? ಓದಿನಲ್ಲೂ ಇದೇ ಗೋಳು: ಅರ್ಥವಾಗದ ಪದ್ಯವನ್ನು ಗಟ್ಟಿಯಾಗಿ ಒಪ್ಪಿಸಿದ ಮಗು ಜಾಣ, ಅರ್ಥ ಕೇಳಿದ ಮಗು ತಲೆಹರಟೆ.

ನಿಮ್ಮ ಮೇಲೂ ಒಂದು ಸಣ್ಣ ಆಕ್ಷೇಪವಿದೆ. ನಾಲ್ಕರಿಂದ ಏಕೆ ಶುರು ಮಾಡಿದಿರಿ? ನಾಳೆ ಎರಡು ಚಮಚ ಕೇಳಿ. ತಂದದ್ದನ್ನು ಮುಟ್ಟಿ, “ಒಂದು, ಎರಡು. ಎರಡು ಚಮಚ” ಎಂದು ಮೊತ್ತವನ್ನೂ ಸೇರಿಸಿ ಹೇಳಿ. ಕೆಲವು ವಾರ ಎರಡು ತಪ್ಪದೆ ಬಂದರೆ, ಮೂರು ಕೇಳಿ.