ಯಾರಿಗೂ ಏನೂ ಮಾಡದ ನಾಯಿಗೂ ರಸ್ತೆಯಲ್ಲಿ ಚೈನ್ ಹಾಕಬೇಕಾ?

ಹಾಕಲೇಬೇಕು. ನಿಮ್ಮ ನಾಯಿ ಸಾಧು ಅಂತ ನಿಮಗೆ ಗೊತ್ತು, ಎದುರಿಗೆ ಬರುವ ಅಜ್ಜಿಗೆ ಹೇಗೆ ಗೊತ್ತಾಗಬೇಕು? ಅದು ಕಚ್ಚಲೇಬೇಕು ಅಂತಿಲ್ಲ. ಪ್ರೀತಿಯಿಂದ ಮೈಮೇಲೆ ಹಾರಿದರೂ ಅವರು ಬಿದ್ದು ಸೊಂಟ ಮುರಿದುಕೊಳ್ಳಬಹುದು. ಬೆಂಗಳೂರಿನಲ್ಲಾದರೆ ಬೀದಿನಾಯಿಗಳು ಬೇರೆ. ತಮ್ಮ ಏರಿಯಾಗೆ ಬಂದ ಸಾಕುನಾಯಿಯನ್ನು ಅವು ಸುಮ್ನೆ ಬಿಡುವುದು ಕಮ್ಮಿ.

ಕಾನೂನೂ ಇದೆ. ಸಾಕಿದ ಪ್ರಾಣಿಯಿಂದ ಜನರಿಗೆ ಅಪಾಯ ಆಗದಂತೆ ನೋಡಿಕೊಳ್ಳದಿದ್ದರೆ, ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಪ್ರಕಾರ 6 ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.

ಎಳೆದಷ್ಟೂ ಉದ್ದವಾಗುವ ಹಗ್ಗ ಮಾತ್ರ ರಸ್ತೆಗೆ ಬೇಡ. ಬೈಕ್ ಬಂದಾಗ ಹಿಡಿತಕ್ಕೆ ಸಿಗಲ್ಲ. ಬಿಟ್ಟು ಓಡಿಸಲೇಬೇಕು ಅಂದರೆ ಕಬ್ಬನ್ ಪಾರ್ಕಿನಲ್ಲಿ ನಾಯಿಗಳಿಗೇ ಅಂತ ಬೇಲಿ ಹಾಕಿದ ಜಾಗ ಇದೆಯಲ್ವಾ, ಅಲ್ಲಿಗೆ ಕರೆದುಕೊಂಡು ಹೋಗಿ.